ರಾಹು ಇಲ್ಲ ಎಂದ ಪಾಠ

ಬೋಧನಾಭ್ಯಾಸದಲ್ಲಿ ನನ್ನ ಆರನೇ ಪಾಠ ಗ್ರಹಣ. ಏಳನೇ ತರಗತಿ, ಬಿಸಿಯೂಟದ ನಂತರದ ಮೊದಲ ಅವಧಿ, 2025ರ ಸೆಪ್ಟೆಂಬರ್ 8, ಸೋಮವಾರ. ಹಿಂದಿನ ರಾತ್ರಿಯಷ್ಟೇ ಪೂರ್ಣ ಚಂದ್ರಗ್ರಹಣ ಆಗಿತ್ತು. ಆ ದಿನಾಂಕ ನೋಡಿಕೊಂಡೇ ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಈ ಪಾಠ ಪಡೆದಿದ್ದೆ. 5ಇ ಮಾದರಿಯಲ್ಲಿ ಪಾಠ ಯೋಜನೆ ಬರೆದು ಸಹಿ ಮಾಡಿಸಿದ್ದೆ. ಟಾರ್ಚು, ಚೆಂಡು, ನಿಂಬೆಹಣ್ಣು, ಎರಡು ಚಾರ್ಟು ಎಲ್ಲ ಸಿದ್ಧವಿತ್ತು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳಿಗೆ ಇದಕ್ಕಿಂತ ಸುಲಭದ ಪಾಠ ಸಿಗದು ಎಂದುಕೊಂಡಿದ್ದೆ.

"ನಿನ್ನೆ ರಾತ್ರಿ ಯಾರ್ಯಾರು ಚಂದ್ರನನ್ನು ನೋಡಿದಿರಿ?" ಎಂದು ಶುರು ಮಾಡಿದೆ. ನಲವತ್ತೊಂದು ಮಕ್ಕಳಲ್ಲಿ ಎದ್ದದ್ದು ಒಂಬತ್ತು ಕೈ. ಕೆಲವರು ನಿದ್ದೆ ಮಾಡಿದ್ದರು, ಕೆಲವರಿಗೆ ಮೋಡ ಅಡ್ಡ ಬಂದಿತ್ತು. ಹೆಚ್ಚಿನವರನ್ನು ಮನೆಯವರು ಹೊರಗೆ ಬಿಟ್ಟಿರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಕಾರಣವನ್ನು ಕತೆಯಾಗಿಯೇ ಹೇಳಿದ. ದೇವತೆಗಳ ಸಾಲಿನಲ್ಲಿ ಕೂತು ಅಮೃತ ಕುಡಿದ ಅಸುರ, ಅವನನ್ನು ತೋರಿಸಿಕೊಟ್ಟ ಸೂರ್ಯ ಚಂದ್ರರು, ಚಕ್ರದಿಂದ ತುಂಡಾದ ಕತ್ತು, ಸಾಯದೆ ಉಳಿದ ತಲೆ ರಾಹು, ಮುಂಡ ಕೇತು. ಆ ಸಿಟ್ಟಿಗೆ ರಾಹು ಚಂದ್ರನನ್ನು ನುಂಗುತ್ತಾನೆ, ಆದರೆ ಹೊಟ್ಟೆ ಇಲ್ಲವಲ್ಲ, ಕತ್ತಿನಿಂದ ಚಂದ್ರ ಹೊರಗೆ ಬರುತ್ತಾನೆ. ಕೈಯನ್ನು ಕತ್ತಿಗೆ ಹಿಡಿದು ತೋರಿಸಿದ. ತರಗತಿ ಪೂರ್ತಿ ಅವನ ಕಡೆ ತಿರುಗಿತ್ತು. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಕಪ್ಪುಹಲಗೆಯ ಮೇಲೆ "ರಾಹು" ಎಂದು ಬರೆದು ಅಡ್ಡಗೆರೆ ಎಳೆದೆ. "ಇಂಥ ಪ್ರಾಣಿ ಆಕಾಶದಲ್ಲಿ ಎಲ್ಲೂ ಇಲ್ಲ. ಇದೆಲ್ಲ ಕಟ್ಟುಕತೆ" ಎಂದೆ. ಹುಡುಗ ಕೂತ. ಟಾರ್ಚು ಕೈಗೆತ್ತಿಕೊಳ್ಳುವಷ್ಟರಲ್ಲಿ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ರಾಹು ಇಲ್ಲ ಅಂದ್ರೆ ನಮ್ ತಮ್ಮನ ತುಟಿ ಯಾಕೆ ಸೀಳಿದ್ದು? ಅಮ್ಮ ಗ್ರಹಣದ ದಿನ ಈರುಳ್ಳಿ ಹೆಚ್ಚಿದ್ರಂತೆ. ಅಜ್ಜಿ ಈಗ್ಲೂ ಬೈತಾರೆ."

ಯಾರೋ ಕಿಸಕ್ಕೆಂದರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ಕೂತ್ಕೋ" ಎಂದು ಹೇಳಿ ಮುಂದೆ ಹೋದೆ. ಟಾರ್ಚು ಉರಿಯಿತು, ನಿಂಬೆಹಣ್ಣು ಚೆಂಡಿನ ನೆರಳಿಗೆ ಬಂತು, ಮೌಲ್ಯಮಾಪನದ ಪ್ರಶ್ನೆಗಳಿಗೆ ಸರಿಯುತ್ತರಗಳೂ ಬಂದವು. ವೀಕ್ಷಣಾ ಹಾಳೆಯಲ್ಲಿ ಪಾಠೋಪಕರಣ, ಸಮಯಪಾಲನೆ ಎರಡಕ್ಕೂ ಒಳ್ಳೆಯ ಷರಾ ಇತ್ತು. ಕೆಳಗೆ ಒಂದೇ ಸಾಲು: "ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ."

ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಮೊದಲು ರಾಹುವನ್ನೇ ಓದಿದೆ. ನಾನು ಅಡ್ಡಗೆರೆ ಎಳೆದದ್ದು ಅವಸರವಾಯಿತು ಎಂದು ತಿಳಿಯಿತು. 499ರಲ್ಲೇ ಆರ್ಯಭಟ ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಬರೆದಿದ್ದಾನೆ. 628ರಲ್ಲಿ ಗ್ರಂಥ ಬರೆದ ಬ್ರಹ್ಮಗುಪ್ತ, ರಾಹುವನ್ನು ಬಿಡುವುದು ಶ್ರುತಿ ಸ್ಮೃತಿಗಳಿಗೆ ವಿರುದ್ಧ ಎಂದು ಆಕ್ಷೇಪಿಸಿದ. ಆದರೆ ತಾನು ಗ್ರಹಣದ ಲೆಕ್ಕ ಹಾಕುವಾಗ ಹಿಡಿದದ್ದು ನೆರಳನ್ನೇ. (ತರಗತಿಯಲ್ಲಿ ಒಂದು ಹೇಳಿ ಮನೆಯಲ್ಲಿ ಇನ್ನೊಂದು ಮಾಡುವ ವಿಜ್ಞಾನ ಶಿಕ್ಷಕರು ನೆನಪಾದರು.) ಪಂಚಾಂಗದವರೂ ರಾಹುವನ್ನು ಬಿಡಲಿಲ್ಲ, ಅವನಿಗೊಂದು ಜಾಗ ಕೊಟ್ಟರು. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆ. ಎರಡು ದಾರಿಗಳು ಕತ್ತರಿಸುವುದು ಎರಡೇ ಕಡೆ. ಚಂದ್ರ ಉತ್ತರಕ್ಕೆ ದಾಟುವ ಬಿಂದು ರಾಹು, ದಕ್ಷಿಣಕ್ಕೆ ದಾಟುವುದು ಕೇತು. ತಲೆ ಒಂದು ಕಡೆ, ಮುಂಡ ಸರಿಯಾಗಿ ಎದುರು ಕಡೆ. ಎರಡೂ ಹಿಮ್ಮುಖವಾಗಿ ಚಲಿಸಿ ಸುಮಾರು 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ಹುಣ್ಣಿಮೆಯ ಚಂದ್ರ ಈ ಬಿಂದುಗಳ ಹತ್ತಿರ ಇದ್ದರೆ ಮಾತ್ರ ಗ್ರಹಣ. ಭಾನುವಾರದ್ದು ರಾಹುವಿನ ಬಳಿ ಆದದ್ದು. ಅದಕ್ಕೇ ಪಂಚಾಂಗದ ಪ್ರಕಾರ ಅದು "ರಾಹುಗ್ರಸ್ತ". "ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ?" ಎಂಬುದು ಸೋಮವಾರ ನಾನೇ ಕೇಳಿ, ನಾನೇ ಅರ್ಧಂಬರ್ಧ ಉತ್ತರಿಸಿದ ಪ್ರಶ್ನೆ. ಉತ್ತರ ಆ ಹುಡುಗನ ಕತೆಯ ಪಕ್ಕದಲ್ಲೇ ಇತ್ತು.

ಬುಧವಾರ ಅದೇ ತರಗತಿ ಸಿಕ್ಕಿತು. "ರಾಹು ಎಷ್ಟು ದೊಡ್ಡವನು, ಅಳೆಯೋಣ" ಎಂದೆ. ಸೂರ್ಯನಿಗೆ ಬೆನ್ನು ಹಾಕಿ ಭೂಮಿಯ ಹಿಂದೆ ಚಾಚಿಕೊಂಡಿರುವ ನೆರಳಿನ ಉದ್ದ ಸುಮಾರು 14 ಲಕ್ಷ ಕಿಲೋಮೀಟರ್. ಚಂದ್ರ ಇರುವುದು ಸುಮಾರು 3.84 ಲಕ್ಷ ಕಿಲೋಮೀಟರ್ ದೂರದಲ್ಲಿ. ಅಲ್ಲಿ ನೆರಳಿನ ಅಗಲ ಸುಮಾರು 9,000 ಕಿಲೋಮೀಟರ್, ಚಂದ್ರನ ಅಗಲ 3,474. ಎರಡೂವರೆ ಚಂದ್ರ ಹಿಡಿಸುವ ಬಾಯಿ! ಭಾನುವಾರ ಚಂದ್ರ ಅದರೊಳಗೆ ಪೂರ್ತಿಯಾಗಿ 82 ನಿಮಿಷ ಇದ್ದ. ಮಕ್ಕಳು ಅಳತೆಗೆ ಸರಿಯಾಗಿ ಚಿತ್ರ ಬರೆದರು. ಇಬ್ಬರು ನೆರಳಿಗೆ ಮೀಸೆ, ಕೋರೆಹಲ್ಲು ಸೇರಿಸಿದರು. ನಾನು ಅಳಿಸಿ ಎನ್ನಲಿಲ್ಲ. "ಇವತ್ತೂ ಇರ್ತಾನಾ ಮಿಸ್?" ಎಂದ ಕತೆಯ ಹುಡುಗ. ಇರ್ತಾನೆ, ರಾತ್ರಿ ಅಂದ್ರೆ ನಾವೇ ಆ ನೆರಳಿನೊಳಗೆ ಹೋಗೋದು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ದಿನಾ ನುಂಗ್ತಾನೆ, ನಮ್ಮನ್ನ" ಎಂದ.

ಹುಡುಗಿಯ ಪ್ರಶ್ನೆಯನ್ನು ಎಲ್ಲರೆದುರು ಎತ್ತಲು ಮನಸ್ಸಾಗಲಿಲ್ಲ. ಬಿಸಿಯೂಟದ ಹೊತ್ತಿಗೆ ಪಕ್ಕದಲ್ಲಿ ಕೂತು ತಮ್ಮ ಹುಟ್ಟಿದ್ದು ಯಾವಾಗ ಎಂದು ಕೇಳಿದೆ. 2023ರ ಯುಗಾದಿಗೆ ಒಂದು ವಾರ ಮುಂಚೆ, ತಿಂಗಳು ತುಂಬಿಯೇ ಹುಟ್ಟಿದ್ದು ಎಂದಳು. ಈರುಳ್ಳಿ ಹೆಚ್ಚಿದ್ದು ದೀಪಾವಳಿಯ ನಡುವೆ ಬಂದ ಸೂರ್ಯಗ್ರಹಣದ ಸಂಜೆ. ಅದು 2022ರ ಅಕ್ಟೋಬರ್ 25. ಅವಳ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಇಬ್ಬರೂ ಎಣಿಸಿದೆವು. ಗ್ರಹಣದಿಂದ ಹೆರಿಗೆಗೆ 20 ವಾರ. ತುಂಬು ಬಸಿರು 40 ವಾರ. ಅಂದರೆ ಆ ಸಂಜೆ ಅಮ್ಮನಿಗೆ ಸುಮಾರು ಐದು ತಿಂಗಳು. ಹೊಟ್ಟೆಯೊಳಗಿನ ಮಗುವಿನ ಮೇಲ್ದುಟಿ ಎರಡೂ ಕಡೆಯಿಂದ ಬೆಳೆದು ಬಂದು ಕೂಡಿಕೊಳ್ಳುವುದು ಎರಡನೇ ತಿಂಗಳಲ್ಲೇ. ಕೂಡದೆ ಉಳಿದರೆ ಸೀಳುತುಟಿ.

"ಅಂದ್ರೆ ಈರುಳ್ಳಿ ಹೆಚ್ಚೋಕೆ ಮುಂಚೆನೇ ಹಂಗಿತ್ತಾ?"

"ಮುಂಚೆನೇ."

ಹಾಗಾದರೆ ಯಾಕೆ ಎಂದು ಕೇಳಿದಳು. ವಂಶವಾಹಿಗಳು ಸೇರಿ ಹಲವು ಕಾರಣ ಇರಬಹುದು, ಒಂದು ಮಗುವಿಗೆ ಇದೇ ಕಾರಣ ಎಂದು ವೈದ್ಯರಿಗೂ ಹೇಳಲಾಗದು ಎಂದೆ. ಈ ಉತ್ತರ ಅವಳಿಗೆ ರುಚಿಸಲಿಲ್ಲ. ರಾಹು ಇದಕ್ಕಿಂತ ಸ್ಪಷ್ಟವಾಗಿದ್ದ. ಓದುವಾಗ ಸಿಕ್ಕ ಇನ್ನೊಂದು ಸಂಗತಿ ಹೇಳಿದೆ. ಹಿಂದೆ ಮೆಕ್ಸಿಕೊದ ಅಜ್ಟೆಕ್ ಬಸುರಿಯರೂ ಗ್ರಹಣದಿಂದ ಮಗುವಿನ ತುಟಿ ಕೆಡುತ್ತದೆ ಎಂದು ಹೆದರುತ್ತಿದ್ದರು, ಕಾಪಾಡಲೆಂದು ಹರಿತವಾದ ಕಪ್ಪು ಕಲ್ಲಿನ ಚೂರನ್ನು ಮೈಮೇಲೆ ಇಟ್ಟುಕೊಳ್ಳುತ್ತಿದ್ದರು. "ನಮ್ಮಲ್ಲಿ ಚಾಕು ಮುಟ್ಟಬಾರದು, ಅಲ್ಲಿ ಇಟ್ಕೋಬೇಕಾ?" ಎಂದು ನಕ್ಕಳು.

ಶನಿವಾರ ಬೆಳಗ್ಗೆ ಅವಳ ಅಮ್ಮ ಗೇಟಿನ ಹತ್ತಿರ ನಿಂತಿದ್ದರು, ಕಂಕುಳಲ್ಲಿ ಮಗು. ಆಪರೇಷನ್ ಆಗಿ ತುಟಿಯ ಮೇಲೆ ಸಣ್ಣ ಗೆರೆಯಷ್ಟೇ ಉಳಿದಿತ್ತು. "ಮಗಳು ಹೇಳಿದ್ಲು ಮಿಸ್. ನಾನ್ ಹೇಳಿದ್ರೆ ಮನೇಲಿ ನಂಬಲ್ಲ. ಒಂದ್ ಹಾಳೇಲಿ ಬರ್ದು ಕೊಡ್ತೀರಾ? ಅತ್ತೆಗೆ ಓದಕ್ಕೆ ಬರಲ್ಲ, ಮಾವ ಓದ್ತಾರೆ" ಎಂದರು. ಪಾಠ ಯೋಜನೆಯ ಪುಸ್ತಕದ ಕೊನೆಯ ಹಾಳೆ ಹರಿದು ದಿನಾಂಕ, ವಾರಗಳ ಲೆಕ್ಕ ಎಲ್ಲ ಬರೆದೆ. ಸಹಿ ಹಾಕಿ ಎಂದರು. ಹಾಕಿದೆ. ಕೆಳಗೆ "ಪ್ರಶಿಕ್ಷಣಾರ್ಥಿ" ಎಂದು ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯಲಿಲ್ಲ.

ಸೋಮವಾರ ಹುಡುಗಿ ಪ್ರಾರ್ಥನೆಯ ಸಾಲಿನಿಂದಲೇ ತಿರುಗಿ ಹೇಳಿದಳು: "ತಾತ ಎರಡ್ ಸಲ ಓದಿದ್ರು ಮಿಸ್. ಅಜ್ಜಿ ಏನೂ ಅನ್ಲಿಲ್ಲ."