ಬಾಣಕ್ಕಿಂತ ಮೊದಲು ಸದ್ದು

"ಇವು ಮೋರೇರ ಮನಿ ರೀ ಸರ. ಗಿಡ್ಡ ಮಂದಿ ಇದ್ರಂತ," ಎಂದ ಜೊತೆಗೆ ಬಂದ ಹುಡುಗ. ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ ಗುಡ್ಡದ ನೆತ್ತಿಯಲ್ಲಿ ನಿಂತಿದ್ದೆವು. ಕಲ್ಲಿನ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಶಿಲಾಸಮಾಧಿಗಳು. ಒಂದೆರಡಲ್ಲ, ನಾನೂರರಷ್ಟು! ಕೆಲವಕ್ಕೆ ದುಂಡನೆಯ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಊರೊಂದು ಬಾಗಿಲು ತೆರೆದಿಟ್ಟು ಎಲ್ಲೋ ಹೊಲಕ್ಕೆ ಹೋದಂತಿತ್ತು.

ಬಂಡೆಗಳ ಮರೆಯಲ್ಲಿ ಕೆಮ್ಮಣ್ಣಿನ ಚಿತ್ರಗಳಿವೆ: ಜಿಂಕೆ, ಕುದುರೆ, ಕುಣಿಯುವವರು, ಆಯುಧ ಹಿಡಿದವರು, ಬೇಟೆ. ದಕ್ಷಿಣದ ಇಂಥ ಸಮಾಧಿಗಳಲ್ಲಿ ಕಬ್ಬಿಣದ ಬಾಣದ ಮೊನೆಗಳೂ ಸಿಕ್ಕಿವೆ. ಆ ಮೊನೆ ಎಷ್ಟು ಜೋರಾಗಿ ನಾಟುತ್ತಿತ್ತು? ಅಲ್ಲೇ ಕೂತು ಲೆಕ್ಕ ಹಾಕಿದೆ. 30 ಗ್ರಾಂ ತೂಕದ ಬಾಣ ಮರದ ಬಿಲ್ಲಿನಿಂದ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಅದರ ಚಲನಶಕ್ತಿ 37 ಜೂಲ್ ಚಿಲ್ಲರೆ. ಸ್ಪಿನ್ ಬೌಲರ್ ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿಗೂ ಹೆಚ್ಚುಕಡಿಮೆ ಇಷ್ಟೇ! ಚೆಂಡು ತಾಗಿದರೆ ಬಾವು, ಬಾಣ ತಾಗಿದರೆ ಸಾವು. ಗುಂಡಿನ ಹಾಗೆ ಬಾಣ ಜಜ್ಜುವುದಿಲ್ಲ, ಕೊಯ್ಯುತ್ತದೆ. ಶಕ್ತಿಗಿಂತ ಅಲಗಿನ ಹರಿತವೇ ಅಲ್ಲಿ ದೊಡ್ಡದು. ಮೊನೆ ಮೊಂಡಾಗಿದ್ದರೆ, ಗುರಿ ನಾಲ್ಕು ಬೆರಳು ತಪ್ಪಿದರೆ, ಮಿಗ ನರಳುತ್ತ ಎಲ್ಲೋ ಪೊದೆಯಲ್ಲಿ ಸಾಯುತ್ತದೆ.

ಗುಡ್ಡದ ಮೇಲೊಂದು ನಗಾರಿ ಕಲ್ಲಿದೆ. ಬಡಿದರೆ ಒಂದು ಕಿಲೋಮೀಟರಾಚೆಗೂ ಕೇಳುತ್ತದೆಂಬ ಮಾತು. ಹಾಗಾದರೆ ಆ ಸದ್ದು ಅಲ್ಲಿಗೆ ತಲುಪಲು ಮೂರು ಸೆಕೆಂಡು. ಈ ಲೆಕ್ಕ ಹಾಕುತ್ತಿದ್ದಾಗಲೇ ನನಗೆ ಗಕ್ಕನೆ ಹೊಳೆದದ್ದು: ಬಿಲ್ಲಿನ ಹೆದೆಗೂ ಸದ್ದಿದೆಯಲ್ಲ! 20 ಮೀಟರ್ ದೂರದ ಜಿಂಕೆಗೆ ಹೆದೆಯ ಟಂಕಾರ 0.06 ಸೆಕೆಂಡಿನಲ್ಲಿ ಕೇಳಿಸುತ್ತದೆ, ಬಾಣ ತಲುಪಲು 0.4 ಸೆಕೆಂಡು ಬೇಕು. ನಡುವಿನ ಮೂರನೇ ಒಂದು ಸೆಕೆಂಡಿನಲ್ಲಿ, ಓಡಲು ಕಾಲು ಮಡಿಸಿದ ಜಿಂಕೆಯ ಮೈ ಗುರಿ ತಪ್ಪುವಷ್ಟು ಕುಸಿದಿರಬಹುದು. ತುದಿಗಳಲ್ಲಿ ಗಾಲಿಯಿರುವ ಇಂದಿನ ಕಾಂಪೌಂಡ್ ಬಿಲ್ಲುಗಳು ಸೆಕೆಂಡಿಗೆ 80 ಮೀಟರ್ ದಾಟಿಸಿದರೂ ಸದ್ದೇ ಮುಂದು, ನಾಲ್ಕು ಪಟ್ಟು ಮುಂದು. ಬಿಲ್ಲುಬೇಟೆಗೆ ಕಾನೂನಿನ ಅನುಮತಿಯಿರುವ ಅಮೆರಿಕದಂಥ ಕಡೆ ನೇಮದ ಬೇಟೆಗಾರರು ಹತ್ತಿರವಿದ್ದಾಗ ಮಾತ್ರ, ಮಿಗ ಗಾಬರಿಯಿಲ್ಲದೆ ಅಡ್ಡಲಾಗಿ ನಿಂತಾಗ ಮಾತ್ರ ಬಾಣ ಬಿಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಆ ಚಿಂತೆಯನ್ನೇ ಉಳಿಸಿಲ್ಲ. ಒಳ್ಳೆಯದೇ ಆಯಿತು.

ಮಧ್ಯಾಹ್ನ ಆನೆಗೊಂದಿ. ಕಿಷ್ಕಿಂಧೆಯೆಂದು ನಾಡೇ ನಂಬಿದ ಸೀಮೆ. ದಾರಿಯುದ್ದಕ್ಕೂ ಒಂದು ಕಡೆ ಭತ್ತದ ಹಸಿರು, ಇನ್ನೊಂದು ಕಡೆ ಯಾರೋ ಗೋಲಿಯಾಡಿ ಬಿಟ್ಟುಹೋದಂಥ ಬಂಡೆಗಳು. ತುಂಗಭದ್ರೆಯ ದಡದ ಚಿಂತಾಮಣಿಗೆ ಬಂದಾಗ ಹುಡುಗ ನದಿಯ ಕಡೆ ಕೈ ಮಾಡಿದ: "ಇಲ್ಲಿಂದನ ರೀ, ರಾಮ ವಾಲಿಗೆ ಹೊಡದದ್ದು."

ನಾನು ಮೂಕನಾದೆ. ವಾಲ್ಮೀಕಿ ರಾಮಾಯಣದಲ್ಲಿ ಸುಗ್ರೀವ ಮೊದಲು ಕೇಳಿದ್ದು ಬಾಣದ ಬಲದ ಪ್ರಶ್ನೆ: ನಿನ್ನ ಬಾಣ ವಾಲಿಯನ್ನು ಕೊಂದೀತೇ? ರಾಮ ಏಳು ಸಾಲವೃಕ್ಷಗಳನ್ನು ಒಂದೇ ಬಾಣದಲ್ಲಿ ತೂರಿ ತೋರಿಸಿದ. (ಈಗ ಇಲ್ಲಿ ಸಾಲವೃಕ್ಷ ಕಾಣೆ, ಇರುವುದು ಜಾಲಿ, ಬೇವು.) ಬಿದ್ದ ವಾಲಿ ಕೇಳಿದ್ದು ಬೇರೆಯೇ: ಇನ್ನೊಬ್ಬನೊಡನೆ ಕಾದುತ್ತಿದ್ದವನಿಗೆ ಮರೆಯಿಂದ ಹೊಡೆದೆಯಲ್ಲ; ನನ್ನ ಚರ್ಮ ಉಡುವಂಥದಲ್ಲ, ಮಾಂಸ ತಿನ್ನುವಂಥದಲ್ಲ, ಯಾಕೆ ಕೊಂದೆ? ರಾಮನ ಉತ್ತರಗಳಲ್ಲಿ ಒಂದು, ಮೃಗವನ್ನು ಮರೆಯಿಂದ ಹೊಡೆಯುವುದು ಬೇಟೆಯಲ್ಲಿ ದೋಷವಲ್ಲ ಎಂಬುದು. ಮಿಗಕ್ಕೆ ಗಾಬರಿಯಾಗದಂತೆ ಹತ್ತಿರ ಸಾರಬೇಕು: ಮರೆಯ ಈ ಕಾರಣ ಬೆಳಿಗ್ಗೆಯಷ್ಟೇ ನನ್ನ ಲೆಕ್ಕಕ್ಕೆ ಸಿಕ್ಕಿತ್ತು. ವಾಲಿ ಕೇಳಿದ್ದಕ್ಕೆ ಮಾತ್ರ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ನನ್ನ ಮನಸ್ಸು ಬಿದ್ದವನ ಕಡೆಗೇ ವಾಲಿತು.

ಹತ್ತು ಮಾರು ದೂರದ ಬಂಡೆಯ ಮೇಲೆ ಒಂದು ಮುಸ್ಯಾ ಕೋತಿ ನಮಗೆ ಬೆನ್ನು ಹಾಕಿ ಕೂತಿತ್ತು. ಫೋಟೋ ತೆಗೆಯೋಣವೆಂದು ಮೆಲ್ಲಗೆ ಚೀಲದ ಜಿಪ್ ಎಳೆದೆ. ಸರ್ರೆಂದಿತು. ಕೈ ಕ್ಯಾಮೆರಾ ಮುಟ್ಟುವಷ್ಟರಲ್ಲಿ ಬಂಡೆ ಖಾಲಿ.

"ಕೇಳ್ಸಿತ್ರೀ ಅದಕ್ಕ," ಎಂದು ಹುಡುಗ ನಕ್ಕ.