ಗಾಳದ ಹಿಟ್ಟೂ ಮೀನು ಹುಡುಕುವ ಯಂತ್ರವೂ

ಭಾನುವಾರ ಬಂತೆಂದರೆ ಕೆಲವು ಮನೆಗಳಲ್ಲಿ ಗಂಡಸರು ಇಸ್ಪೀಟಿಗೆ ಹೋಗುತ್ತಾರೆ, ಕೆಲವರು ಟಿ.ವಿ. ಮುಂದೆ ಕೂತರೆ ಏಳುವುದೇ ಇಲ್ಲ. ನಮ್ಮವರು ಗಾಳ ಹಿಡಿದು ಕೆರೆಗೆ ಹೋಗುತ್ತಾರೆ. ವಾರದಲ್ಲಿ ಆರು ದಿನ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ಮನುಷ್ಯ ಒಂದು ದಿನ ನೀರಿನ ಮುಂದೆ ಸುಮ್ಮನೆ ಕೂತರೆ ನನಗೇನೂ ಬೇಸರವಿಲ್ಲ. ಆದರೆ ಈ ವರ್ಷ ಗಾಳದ ಹಿಂದೆಯೇ ಒಂದು ಯಂತ್ರವೂ ಮನೆಯೊಳಗೆ ಕಾಲಿಡುವುದರಲ್ಲಿತ್ತು. ಸೋದರಿಯರೇ, ಆ ಕಥೆಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಎಲ್ಲಕ್ಕೂ ಮೂಲ ನನ್ನ ತಮ್ಮ. ಅವನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಅದಕ್ಕೆ ಹತ್ತು ಸಾವಿರ ಕೆರೆಗಳ ನಾಡು ಅಂತಲೇ ಹೆಸರು. ಚಳಿಗಾಲದಲ್ಲಿ ಅಲ್ಲಿನ ಕೆರೆಗಳೆಲ್ಲ ಹೆಪ್ಪುಗಟ್ಟಿ ಕಲ್ಲಾಗುತ್ತವೆ. ಜನ ಆ ಮಂಜುಗಡ್ಡೆಯ ಮೇಲೆ ನಡೆದುಕೊಂಡು ಹೋಗಿ, ಬೈರಿಗೆಯಂಥ ಸಲಕರಣೆಯಿಂದ ತೂತು ಕೊರೆದು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮೀನು ಹಿಡಿಯುತ್ತಾರೆ. ಅವನು ಕಳಿಸಿದ ವಿಡಿಯೋ ನೋಡಿ ನಾನು ಮೊದಲು ಕೇಳಿದ್ದು, "ಅಲ್ಲಪ್ಪಾ, ಆ ಚಳಿಯಲ್ಲಿ ಮೀನು ಸಾಯೋದಿಲ್ವಾ?" ಅಂತ.

ಸಾಯುವುದಿಲ್ಲವಂತೆ. ನೀರು ಅತಿ ಭಾರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳಕ್ಕಿಳಿದರೆ ಅದಕ್ಕಿಂತ ತಣ್ಣಗಾದದ್ದು ಮೇಲೆ ನಿಂತು ಗಡ್ಡೆಯಾಗುತ್ತದೆ. ಕೆಳಗೆ ಮೀನು ಬದುಕಿರುತ್ತದೆ, ಆದರೆ ಮಂದವಾಗಿರುತ್ತದೆ, ಹಸಿವೂ ಕಡಿಮೆ. ಆದ್ದರಿಂದ ಅಲ್ಲಿ ಸೀಸದ ಗುಂಡಿಗೆ ಕೊಕ್ಕೆ ಕೂಡಿಸಿದ ಸಣ್ಣ ಹುಸಿ ಹುಳುವನ್ನು ಕಟ್ಟಿ, ಕೈಯನ್ನು ಅಲ್ಲಾಡಿಸಿಯೂ ಅಲ್ಲಾಡಿಸದ ಹಾಗೆ ಮೆಲ್ಲಗೆ ಕುಣಿಸುತ್ತಾರೆ. ಪಕ್ಕದಲ್ಲಿ ಪುಟ್ಟ ಪರದೆಯ ಯಂತ್ರ. ತೂತಿನಡಿ ಮೀನು ಬಂದರೆ ಪರದೆಯ ಮೇಲೆ ಗೆರೆ ಮೂಡುತ್ತದೆ, ಅವನು ಬಿಟ್ಟ ಹುಳುವೂ ಕಾಣುತ್ತದೆ.

ಅಷ್ಟು ಸಾಕಾಯಿತು ನನ್ನ ಮಗನಿಗೆ. "ಅಮ್ಮಾ, ನಮ್ಮಲ್ಲೂ ಸಿಗುತ್ತೆ. ಚೆಂಡಿನ ಥರಾ ಇರುತ್ತೆ, ಕೆರೆಗೆ ಎಸೆದರೆ ಮೊಬೈಲಲ್ಲಿ ಮೀನು ಕಾಣುತ್ತೆ" ಎಂದ. ಬೆಲೆ ಕೇಳಿದೆ. ನಮ್ಮ ಮನೆಯ ಒಂದು ತಿಂಗಳ ದಿನಸಿಯನ್ನೂ ಮೀರಿತ್ತು. ನಮ್ಮವರು ಬಾಯಿ ಬಿಡಲಿಲ್ಲ, ಆದರೆ ಅಡಿಗೆಮನೆ ಬಾಗಿಲಲ್ಲಿ ಬಂದು ನಿಂತರು. ಚೀಟಿ ದುಡ್ಡು ನನ್ನ ಕೈಯಲ್ಲಿರುವುದು ಅವರಿಗೆ ಗೊತ್ತು!

ಬೇಡ ಅನ್ನುವುದಕ್ಕೆ ಮುಂಚೆ ಅದೇನೆಂದು ತಿಳಿದುಕೊಳ್ಳೋಣ ಅಂತ ತಮ್ಮನನ್ನೇ ಕೇಳಿದೆ. ಯಂತ್ರ ನೀರೊಳಗೆ ನಮ್ಮ ಕಿವಿಗೆ ಕೇಳದಂಥ ಸದ್ದು ಬಿಡುತ್ತದೆ. ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ತಳಕ್ಕೆ ಬಡಿದು ಎಷ್ಟು ಹೊತ್ತಿಗೆ ವಾಪಸು ಬಂತು ಎಂಬುದರಿಂದ ಆಳ ಗೊತ್ತಾಗುತ್ತದೆ. ಮೀನಿನ ಹೊಟ್ಟೆಯೊಳಗೆ ಗಾಳಿಚೀಲವಿರುತ್ತದಲ್ಲ, ಸದ್ದು ಮುಖ್ಯವಾಗಿ ಅದಕ್ಕೇ ಬಡಿದು ಹಿಂತಿರುಗುತ್ತದೆ.

ಇದನ್ನು ಕೇಳಿ ನನಗೆ ನಮ್ಮಪ್ಪ ನೆನಪಾದರು. ಅವರು ಕೆ.ಜಿ.ಎಫ್. ಗಣಿಯಲ್ಲಿದ್ದವರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ತನಕ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಬಂಡೆ ಸಿಡಿಯುವ ಭಯ ಅಲ್ಲಿ ಯಾವತ್ತೂ ಇತ್ತು. ಕೆಲಸ ಶುರುಮಾಡುವ ಮುಂಚೆ ಹಾರೆಯಿಂದ ತಲೆ ಮೇಲಿನ ಬಂಡೆಯನ್ನು ತಟ್ಟಿ ಕೇಳುತ್ತಿದ್ದರಂತೆ. ಟಣ್ ಅಂದರೆ ಗಟ್ಟಿ, ಡೊಬ್ ಅಂದರೆ ಟೊಳ್ಳು. ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ತಿಳಿಯುವುದು ನಮ್ಮೂರಿಗೆ ಹೊಸದಲ್ಲ. ಹಾಗಾಗಿ ಯಂತ್ರದ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ. ನಮ್ಮ ಕೆರೆಗೆ ಅದು ಎಷ್ಟು ಉಪಯೋಗ ಅನ್ನುವುದಷ್ಟೇ ಪ್ರಶ್ನೆ.

ಲೆಕ್ಕ ಹಾಕಿದೆವು. ಆ ಸದ್ದು ಟಾರ್ಚಿನ ಬೆಳಕಿನಂತೆ ಕೆಳಗೆ ಹೋಗುತ್ತಾ ಅಗಲವಾಗುತ್ತದೆ. 20 ಡಿಗ್ರಿಯ ಕೋನವಾದರೆ 30 ಅಡಿ ಆಳದಲ್ಲಿ ಸುಮಾರು 10 ಅಡಿ ಅಗಲ ಕಾಣುತ್ತದೆ. 10 ಅಡಿ ನೀರಿನಲ್ಲಾದರೆ ಮೂರೂವರೆ ಅಡಿ, ಅಂದರೆ ನಮ್ಮ ರೊಟ್ಟಿ ಒಲೆಯ ಕಟ್ಟೆಯಷ್ಟು! ತಮ್ಮ ತೂತಿನ ಮೇಲೆಯೇ ಕೂತು ನೇರ ಕೆಳಗೆ ನೋಡುತ್ತಾನೆ, ಅವನಿಗೆ ಸರಿ. ನಮ್ಮವರು ಕೂರುವುದು ದಡದಲ್ಲಿ, ಹೂಳು ತುಂಬಿದ ಕೆರೆಯಲ್ಲಿ. ಮೇಲಾಗಿ ಅದು ಯಾವ ಮೀನು, ಅದಕ್ಕೆ ಹಸಿವಿದೆಯೋ ಇಲ್ಲವೋ, ಯಂತ್ರ ಹೇಳುವುದಿಲ್ಲ.

ಅದನ್ನು ಹೇಳುವುದು ಗಾಳದ ತುದಿಯ ಆಹಾರ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಇವಕ್ಕೆಲ್ಲ ಹಿಟ್ಟು ಆಗುತ್ತದೆ. ಕೊರಮೀನು ಮಾತ್ರ ಬೇಟೆಯ ಜಾತಿ. ಅದಕ್ಕೆ ಸಣ್ಣ ಮೀನು, ಇಲ್ಲವೇ ಸೊಪ್ಪಿನ ಮೇಲೆ ಜಿಗಿಸುವ ರಬ್ಬರ್ ಕಪ್ಪೆ. ಹಿಟ್ಟು ಕಲಸುವುದು ನನ್ನ ಪಾಲಿಗೆ ಬಂತು. ಎರಡು ಹಿಡಿ ಕಡಲೆಕಾಯಿ ಹಿಂಡಿ ಪುಡಿ, ಒಂದು ಹಿಡಿ ತವುಡು, ಒಂದು ಹಿಡಿ ಗೋಧಿಹಿಟ್ಟು, ಚಿಟಿಕೆ ಇಂಗು. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕೊಂಚ ಹತ್ತಿಯ ಎಳೆ ಬಿಡಿಸಿ ಸೇರಿಸಬೇಕು, ಕೊಕ್ಕೆಯಿಂದ ಜಾರುವುದಿಲ್ಲ. ಒಂದು ಉಂಡೆಯನ್ನು ಲೋಟದ ನೀರಿಗೆ ಹಾಕಿ ಐದು ನಿಮಿಷ ನೋಡಿ. ಕರಗಿದರೆ ಇನ್ನಷ್ಟು ಹಿಟ್ಟು ಬೇಕು.

ಇಷ್ಟಾದರೂ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದ ವಿಷಯ ಬೇರೆ. ತಮ್ಮ ಮೀನಿನ ಯಂತ್ರಕ್ಕಿಂತ ಮೊದಲು ಅಳೆಯುವುದು ಮಂಜುಗಡ್ಡೆಯ ದಪ್ಪವನ್ನು. ಮನುಷ್ಯ ನಡೆಯಲು ತಿಳಿಯಾದ ಗಡ್ಡೆ ಕಡೇಪಕ್ಷ 4 ಅಂಗುಲ ಇರಬೇಕು, ಬೆಳ್ಳಗಿದ್ದರೆ ಅದರ ಎರಡರಷ್ಟು. ಅದಕ್ಕೆ ಕಡಿಮೆಯಿದ್ದರೆ ಅವನ ಹೆಂಡತಿ ಬಾಗಿಲು ದಾಟಲು ಬಿಡುವುದಿಲ್ಲ. ಇಲ್ಲಿ ನಾವು ಏನನ್ನು ಅಳೆಯುತ್ತಿದ್ದೇವೆ?

ನಮ್ಮ ಕಡೆ ಎಷ್ಟೋ ವರ್ಷ ಕೆರೆಗಳು ಒಣಗಿ ನಿಂತಿದ್ದವು. ಆಗ ಹೊಲಕ್ಕೆ, ಇಟ್ಟಿಗೆಗೆ ಅಂತ ಒಳಗೆಲ್ಲ ಮಣ್ಣು ತೋಡಿದರು. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. 2021ರ ನವೆಂಬರ್ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಕೆರೆ ಕೋಡಿ ಬಿದ್ದವು. ನೀರು ಬಂದದ್ದು ಸಂತೋಷವೇ, ಆದರೆ ಆ ಗುಂಡಿಗಳು ಈಗ ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದ ಅಂತ ಕಾಲಿಟ್ಟವರ ಮುಂದಿನ ಹೆಜ್ಜೆ ಆಳುದ್ದ ನೀರಿಗೆ. ಕೊಕ್ಕೆ ಸೊಪ್ಪಿಗೆ ಸಿಕ್ಕಿಕೊಂಡಿತು ಅಂತ ಮಗ ಪ್ಯಾಂಟು ಮಡಚಿ ಇಳಿಯುತ್ತಾನೆ ಎಂದು ನಮ್ಮವರೇ ಒಂದು ದಿನ ಬಾಯಿತಪ್ಪಿ ಹೇಳಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೀಗಾಗಿ ನನ್ನ ತೀರ್ಮಾನ ಹೇಳಿದೆ. "ರೀ, ದುಡ್ಡು ಕೊಡ್ತೀನಿ, ಯಂತ್ರಕ್ಕಲ್ಲ. ಇಬ್ಬರಿಗೂ ಲೈಫ್ ಜಾಕೆಟ್ ತನ್ನಿ." ಮಗ ಮುಖ ಊದಿಸಿಕೊಂಡ. ನಮ್ಮವರು ನಕ್ಕು, "ಗಾಳ ಹಾಕೋರು ಯಾರಾದ್ರೂ ಜಾಕೆಟ್ ಹಾಕ್ಕೊಂಡು ಕೂರ್ತಾರೇನೇ?" ಎಂದರು. "ಅಪ್ಪ ತಲೆಗೆ ಟೋಪಿ ಇಲ್ಲದೆ ಗಣಿಗಿಳೀತಿರಲಿಲ್ಲ" ಅಂದೆ. ಮಾತು ಅಲ್ಲಿಗೆ ನಿಂತಿತು. ಮುಂದಿನ ವಾರವೇ ಜಾಕೆಟ್ ಬಂದವು.

ಆಳ ತಿಳಿಯಲು ಯಂತ್ರವೇ ಬೇಕಿಲ್ಲ. ದಾರಕ್ಕೆ ಭಾರದ ಸೀಸದ ಗುಂಡು ಕಟ್ಟಿ, ಬೆಂಡನ್ನು 5 ಅಡಿ ಮೇಲೆ ಕಟ್ಟಿ ಎಸೆಯಿರಿ. ಬೆಂಡು ಮುಳುಗಿದರೆ ನೀರು 5 ಅಡಿಗಿಂತ ಆಳ, ಅಡ್ಡ ಮಲಗಿದರೆ ಕಡಿಮೆ. ಇದರಿಂದ ಗಾಳ ಎಲ್ಲಿ ಬಿಡಬೇಕೆಂದು ತಿಳಿಯುತ್ತದೆಯೇ ಹೊರತು ಇಳಿಯುವುದಕ್ಕೆ ಧೈರ್ಯ ಮಾಡಬಾರದು. ನಮ್ಮ ಮನೆಯ ಕಟ್ಟಳೆ ಈಗ ಇಷ್ಟು: ಕೆರೆಯ ಮೀನು ಗುತ್ತಿಗೆ ಹಿಡಿದವರ ಒಪ್ಪಿಗೆ ಕೇಳಬೇಕು, ಒಬ್ಬರೇ ಹೋಗಬಾರದು, ಕೊಕ್ಕೆ ಸಿಕ್ಕಿಕೊಂಡರೆ ದಾರ ಕತ್ತರಿಸಬೇಕು. ಹತ್ತಿಪ್ಪತ್ತು ರೂಪಾಯಿಯ ಕೊಕ್ಕೆ ಹೋದರೆ ಹೋಗಲಿ.

ನಿಮ್ಮ ಮನೆಯಲ್ಲೂ ಗಾಳದ ಹುಚ್ಚಿನವರಿದ್ದರೆ ಯಂತ್ರದ ಬೆಲೆ ಕೇಳುವ ಮೊದಲು ಅವರು ಎಲ್ಲಿ ನಿಲ್ಲುತ್ತಾರೆ, ಕಾಲು ಎಲ್ಲಿಡುತ್ತಾರೆ ಅಂತ ಕೇಳಿ. ಹೋದ ಭಾನುವಾರ ನಮ್ಮವರು ತಂದದ್ದು ಎರಡೇ ಗೆಂಡೆ. ಹುಣಸೆ ರಸ ಕೊಂಚ ಮುಂದಾಗಿಯೇ ಹಾಕಿ ಸಾರು ಮಾಡಿ, ಬಿಸಿ ರಾಗಿಮುದ್ದೆಯ ಜೊತೆಗೆ ಬಡಿಸಿದೆ. ಮೂವರಿಗೂ ಸಾಕಾಯಿತು.