ವಿಜಯಪುರದಿಂದ ಸಂಗಮಕ್ಕೆ: ಸೈಕಲ್ ಯಾತ್ರೆಯ ಒಂದು ದಿನ

ಸೈಕಲ್ಲಿನ ದೂರಪ್ರಯಾಣವೆಂದರೆ ತುಳಿಯುವವರ ಸಾಹಸವೆಂದೇ ಸಾಮಾನ್ಯ ಭಾವನೆ. ನೀರು ತುಂಬುವ, ಬುತ್ತಿ ಕಟ್ಟುವ, ದಾರಿ ಕಾಯುವ ಕೈಗಳು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ನಮ್ಮ ಮಕ್ಕಳಿಬ್ಬರು ಬಸವಕಲ್ಯಾಣದಿಂದ ಕೂಡಲಸಂಗಮಕ್ಕೆ ನಾಲ್ಕು ದಿನಗಳ ಸೈಕಲ್ ಯಾತ್ರೆ ಕೈಗೊಂಡಾಗ ಈ ಮಾತು ನಮಗೆ ಚೆನ್ನಾಗಿ ಮನದಟ್ಟಾಯಿತು. ಪದವಿ ಓದುತ್ತಿರುವ ಮಗಳು ಮತ್ತು ಅವಳ ತಮ್ಮ ಸೈಕಲ್ಲಿನ ಮೇಲೆ; ಜೀಪಿನಲ್ಲಿ ನಾನು, ನನ್ನ ಪತ್ನಿ ಹಾಗೂ 72 ವರ್ಷದ ನನ್ನ ತಾಯಿ. ಹೆಣ್ಣುಮಗಳನ್ನು ಹೆದ್ದಾರಿಗೆ ಬಿಡುವುದುಂಟೇ ಎಂದು ಕೆಲವು ಬಂಧುಗಳು ಆಕ್ಷೇಪಿಸಿದ್ದರು. ಕಲಬುರಗಿ, ಸಿಂದಗಿಗಳನ್ನು ದಾಟಿ ಮೂರನೆಯ ಸಂಜೆ ವಿಜಯಪುರ ಸೇರಿದ್ದೆವು. ಇಲ್ಲಿ ಹೇಳಹೊರಟಿರುವುದು ಕೊನೆಯ ದಿನದ ಕಥೆ.

ಬೆಳಕು ಹರಿದ ಮೇಲೆಯೇ ಹೊರಡುವುದು ನಮ್ಮ ನಿಯಮ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಮನಗೂಳಿಯವರೆಗೆ ಸಾಗಿ, ಅಲ್ಲಿಂದ ಬಸವನ ಬಾಗೇವಾಡಿಯ ದಾರಿ ಹಿಡಿದೆವು. ಇಕ್ಕೆಲಗಳಲ್ಲೂ ಎರೆಭೂಮಿ, ಬಿಳಿಜೋಳದ ಹಸುರು, ಕಟಾವಿಗೆ ಬಂದ ತೊಗರಿ. ಜೀಪು ಸೈಕಲ್ಲಿನ ಬೆನ್ನು ಹತ್ತಿ ನಿಧಾನವಾಗಿ ಚಲಿಸಿದರೆ ಹಿಂದಿನ ವಾಹನಗಳಿಗೆ ಅಡ್ಡಿ, ಮಕ್ಕಳಿಗೂ ಅಪಾಯ. ಆದ್ದರಿಂದ ಹತ್ತು-ಹನ್ನೆರಡು ಕಿಲೋಮೀಟರು ಮುಂದೆ ಹೋಗಿ, ರಸ್ತೆಯಿಂದ ಇಳಿಸಿ ನಿಲ್ಲಿಸಿ ಕಾಯುತ್ತಿದ್ದೆವು. ಮಕ್ಕಳು ಬರುವಷ್ಟರಲ್ಲಿ ಉಪ್ಪು-ಸಕ್ಕರೆ ಬೆರೆಸಿದ ನಿಂಬೆಹಣ್ಣಿನ ಪಾನಕ ಸಿದ್ಧವಿರುತ್ತಿತ್ತು. ಬಾಯಾರುವ ಮುನ್ನವೇ ಕುಡಿಯಬೇಕು, ಹಸಿಯುವ ಮುನ್ನವೇ ತಿನ್ನಬೇಕು ಎಂಬುದು ದೂರ ತುಳಿಯುವವರ ಮೊದಲ ಪಾಠ.

ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯಲ್ಲಿ ದೇವಾಲಯದ ದರ್ಶನ ಮುಗಿಸಿ, ಊರಾಚೆಯ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ದಾರಿಹೋಕ ಕುರಿಗಾಹಿಯೊಬ್ಬನನ್ನು ತಾಯಿಯವರು ಕರೆದು ಕೂಡಿಸಿಕೊಂಡರು.

ನಿಡಗುಂದಿಯ ಸಮೀಪ ಮಗಳು ಸೈಕಲ್ಲಿನಿಂದ ಇಳಿದುಬಿಟ್ಟಳು. ಮೊಣಕಾಲ ಚಿಪ್ಪಿನ ಮುಂಭಾಗ ಸಹಿಸಲಾರದಷ್ಟು ನೋಯುತ್ತಿತ್ತು. ಜೀಪು ಹತ್ತಲೆಂದು ನನ್ನಾಸೆ. ಮೂರು ದಿನ ತುಳಿದದ್ದೇ ಸಾಕೆಂದು ಪತ್ನಿಯ ಅಭಿಪ್ರಾಯ. ಮಗಳು ತಲೆ ತಗ್ಗಿಸಿ ನಿಂತಿದ್ದಳು. ಬಂಧುಗಳ ಮಾತು ಅವಳ ಮನಸ್ಸಿನಲ್ಲಿತ್ತೆಂದು ತೋರುತ್ತದೆ. ಆಗ ತಾಯಿಯವರು, "ಕಾಲು ಆಕೀದು. ನೀವ್ಯಾಕ ತೀರ್ಪು ಕೊಡ್ತೀರಿ? ಆಕೀನ್ನ ಕೇಳ್ರಿ" ಎಂದರು. "ಅರ್ಧ ತಾಸು ಕೂತು ನೋಡ್ತೀನಿ, ಅಮ್ಮಾ. ಆಮೇಲೂ ನೋವು ಹೆಚ್ಚಾದ್ರ ನಾನಾ ಜೀಪು ಹತ್ತತೀನಿ" ಎಂದಳು ಮಗಳು.

ಈ ನಡುವೆ ಅವಳ ಸೈಕಲ್ಲನ್ನು ಪರೀಕ್ಷಿಸಿದ ಮಗ ಕಾರಣವನ್ನು ಪತ್ತೆಹಚ್ಚಿದ. ಸೀಟಿನ ತಿರುಪು ಸಡಿಲಗೊಂಡು ಸೀಟು ಎರಡು ಬೆರಳಷ್ಟು ಕೆಳಗಿಳಿದಿತ್ತು. ಸೀಟು ತಗ್ಗಾದರೆ ಮೊಣಕಾಲು ಅತಿಯಾಗಿ ಮಡಚಿ ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಪೆಡಲು ಕೆಳತುದಿಗೆ ಬಂದಾಗ ಕಾಲು ಬಹುತೇಕ ನೀಳವಾಗಬೇಕು, ತುಸುವೇ ಬಾಗಿರಬೇಕು. ಸೀಟನ್ನು ಏರಿಸಿ ಬಿಗಿ ಮಾಡಿದ ಮೇಲೆ, ಹಗುರ ಗೇರಿನಲ್ಲಿ ಮೆಲ್ಲನೆ ತುಳಿಯುತ್ತ ಮಗಳು ಹೊರಟಳು. ತಮ್ಮ ತನ್ನ ವೇಗವನ್ನು ತಗ್ಗಿಸಿಕೊಂಡು ಅವಳ ಹಿಂದೆಯೇ ಬಂದ. ನಾವು ಮಾತ್ರ ಆಮೇಲೆ ಐದೈದು ಕಿಲೋಮೀಟರಿಗೊಮ್ಮೆ ನಿಂತೆವು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಇಲ್ಲಿಗೆ ಸಮೀಪ. ಅಂದು ಅದನ್ನು ನೋಡುವ ವ್ಯವಧಾನವಿರಲಿಲ್ಲ. ಕೃಷ್ಣೆಯ ಸೇತುವೆ ದಾಟಿ, ಹೆದ್ದಾರಿ ಬಿಟ್ಟು, ಹೊತ್ತು ಮುಳುಗುವ ಮುನ್ನ ಮಕ್ಕಳಿಬ್ಬರೂ ಸಂಗಮ ಸೇರಿದರು.

ಕೃಷ್ಣಾ-ಮಲಪ್ರಭೆಯರು ಕೂಡುವ ಈ ತಾಣದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ವಿಸ್ತಾರವಾಗಿ ಹಬ್ಬಿದೆ. ನೀರನ್ನು ತಡೆಯಲು ಬಾವಿಯಂತೆ ಸುತ್ತಲೂ ಗೋಡೆ ಕಟ್ಟಿ ಐಕ್ಯಮಂಟಪವನ್ನು ಕಾಪಾಡಿದ್ದಾರೆ. ಮೆಟ್ಟಿಲುಗಳನ್ನು ಇಳಿಯುವಾಗ ಅಜ್ಜಿ-ಮೊಮ್ಮಗಳು ಒಬ್ಬರ ಕೈ ಒಬ್ಬರು ಹಿಡಿದಿದ್ದರು. ಇಬ್ಬರದೂ ಮೊಣಕಾಲ ನೋವೇ! ಕೆಳಗೆ ತಲುಪಿದ ಮೇಲೆ ಯಾರೂ ಬಹಳ ಹೊತ್ತು ಮಾತನಾಡಲಿಲ್ಲ.

ಇಂತಹ ಯಾತ್ರೆಗೆ ಮನಸ್ಸು ಮಾಡುವ ಕುಟುಂಬಗಳು ಪ್ರತಿದಿನ ಬೆಳಿಗ್ಗೆ ಗಾಳಿ, ಬ್ರೇಕು, ಸರಪಳಿಯ ಜೊತೆಗೆ ಸೀಟಿನ ಎತ್ತರವನ್ನೂ ನೋಡಿಕೊಳ್ಳಬೇಕು. ಜಾಲಿಮುಳ್ಳಿನ ಸೀಮೆಯಾದ್ದರಿಂದ ಹೆಚ್ಚಿನ ಟ್ಯೂಬುಗಳಿರಲಿ. ಹೊಳೆಯುವ ಪಟ್ಟಿ, ಹಿಂದೀಪ ಕಡ್ಡಾಯ. ಇವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ಜೀಪು ಪಕ್ಕದಲ್ಲೇ ಇದ್ದರೂ ಅದನ್ನು ಹತ್ತುವ, ಹತ್ತದಿರುವ ನಿರ್ಧಾರವನ್ನು ತುಳಿಯುವವರಿಗೇ ಬಿಡುವ ತಾಳ್ಮೆಯನ್ನು ಮಾತ್ರ ಹಿರಿಯರು ಮನೆಯಿಂದಲೇ ತರಬೇಕು.